ರುಕ್ಮಕ್ಕನ ಮುಖ

ನಿಜ ಹೇಳಿಬಿಟ್ಟರೆ ಗುಂಪಿನಲ್ಲಿ ಒಬ್ಬರಾದರೂ ಉಳಿದಾರೇ? ತನ್ನ ಆನ್‌ಲೈನ್ ಇಂಗ್ಲಿಷ್ ಕೋರ್ಸಿಗೆ ಸೇರಿದ ಹೆಂಗಸರು ನಾಚಿ ತುಟಿ ಬಿಚ್ಚದಿದ್ದಾಗ, ವಾದಿರಾಜನೇ ರುಕ್ಮಾಬಾಯಿ ಎಂಬ ಸುಳ್ಳು ಹೆಸರಿನಲ್ಲಿ ತಪ್ಪುತಪ್ಪಾಗಿ ಬರೆದು ಗುಂಪಿಗೆ ಜೀವ ತುಂಬಿದ್ದ.

“ಸರ್, ಇವತ್ತರ ರುಕ್ಮಕ್ಕನ ಮುಖ ತೋರಸ್ರಿ,” ಪರದೆಯಲ್ಲಿದ್ದ ಕಸ್ತೂರಿ ಪಟ್ಟು ಹಿಡಿದಳು. “ಅಂಥವ್ರು ಖರೇನ ಅದಾರೋ, ಇಲ್ಲಾ ನೀವ ಬರೀತೀರೋ?”

ಯಾರೂ ನಗಲಿಲ್ಲ. ಇನ್ನು ಮುಚ್ಚಿಡಲಾರದೆ, ಒಪ್ಪಿಕೊಳ್ಳಲೆಂದು ಅವನು ಗಂಟಲು ಸರಿಪಡಿಸಿಕೊಂಡ. ಅಷ್ಟರಲ್ಲಿ, ಸೇರಿದಂದಿನಿಂದ ಒಂದು ಮಾತೂ ಆಡದಿದ್ದ ಕಾಶೀಬಾಯಿಯ ದನಿ ಕೇಳಿಸಿತು.

“ರುಕ್ಮಕ್ಕ ಕೇಮ್ ಟು ಮೈ ಹೌಸ್ ಎಸ್ಟರ್‌ಡೇ,” ಎಂದರು ಆಕೆ, ಒಂದೊಂದೇ ಪದ ಹುಡುಕುತ್ತ. “ಶೀ ಡ್ರ್ಯಾಂಕ್ ಟೀ.”

ಕಸ್ತೂರಿ ಪಟ್ಟು ಬಿಟ್ಟು ಆ ವಾಕ್ಯಗಳನ್ನು ಬರೆದುಕೊಂಡಳು.

ಎರಡೂ ವಾಕ್ಯ ಸರಿಯಾಗಿವೆ ಎಂದ ವಾದಿರಾಜ. ಅವು ಸುಳ್ಳೆಂದು ಅವನು ಎಂದೂ ಹೇಳಲಿಲ್ಲ.