ಈಪ್ಪಚ್ಚಾಯನ ದಪ್ಪ ಗೆರೆ

“ಈಪ್ಪಚ್ಚಾಯ ಇದ್ದಾರಾ ಚೇಚ್ಚಿ?” ಚಪ್ಪಲಿ ಬಿಡುವ ಮೊದಲೇ ರಂಲತ್ ಟೀಚರ್ ಕೇಳಿದರು. ಬೋಟಿನಲ್ಲಿ ಕೂತು ಬರುವಾಗಲೇ ಬೈಗುಳಗಳನ್ನು ಸಾಲಾಗಿ ಜೋಡಿಸಿಕೊಂಡಿದ್ದರು. “ಒಂದು ವಾರದಿಂದ ನಿಮ್ಮ ಯಜಮಾನರು ನಮ್ಮಲ್ಲಿ ಯಾರಿಗೂ ಮಾತಾಡೋಕೆ ಬಿಡ್ತಿಲ್ಲ.”

ಮೀನು ಹೆಚ್ಚುತ್ತಿದ್ದ ರಾಹೇಲಮ್ಮ ಕೈ ತೊಳೆದುಕೊಂಡು ಎದ್ದರು. “ಅವರಾ? ಮಾತಾಡೋಕೆ ಬಿಡ್ತಿಲ್ವಾ?” ಎಂದು ಟೀಚರ ಮುಖವನ್ನೇ ಒಂದು ಗಳಿಗೆ ನೋಡಿದರು. “ಒಳಗಿದ್ದಾರೆ. ಹೋಗು ಮಗಳೇ, ನೀನೇ ಕೇಳು.”

ಕೇರಳದ ಕುಟ್ಟನಾಡಿನಲ್ಲಿ ಹವ್ಯಾಸಕ್ಕೆಂದು ರೇಡಿಯೊದಲ್ಲಿ ಮಾತಾಡಿಕೊಳ್ಳುವ ಹ್ಯಾಮ್ ಮಂದಿಗೆಲ್ಲ ಈಪ್ಪಚ್ಚಾಯನೆಂದರೆ ಒಂದು ದನಿ. ದಿನಾ ಬೆಳಗ್ಗೆ ಆ ಗಡಸು ದನಿ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದು, ಗೇಲಿ ಮಾಡಿ, ಕ್ಷೇಮ ಕೇಳುತ್ತಿತ್ತು. ಮಹಾ ನೆರೆಯ ವರ್ಷ ಮಾಡಿನ ಮೇಲೆ ಕೂತವರ ಬಳಿಗೆ ದೋಣಿಗಳನ್ನು ಕಳಿಸಿದ್ದೂ ಅದೇ ದನಿ. ಅದನ್ನು ಕೇಳಿಯೇ ರಂಲತ್ ಟೀಚರ್ ಪರೀಕ್ಷೆ ಬರೆದು ಲೈಸೆನ್ಸ್ ತೆಗೆದುಕೊಂಡಿದ್ದರು. ಹೋದ ವರ್ಷ ಗುಂಪಿನಲ್ಲಿ ಯಾವುದೋ ಸಣ್ಣ ವಾಗ್ವಾದ ಆಯಿತು. ಮರುವಾರದಿಂದ ಆಸಾಮಿ ಪತ್ತೆಯಿಲ್ಲ. ಮುನಿಸು ಎಂದುಕೊಂಡರು ಎಲ್ಲರೂ. ಹೋಗಿ ಕೇಳಿದವರಿಲ್ಲ. ಈಗ ಇದ್ದಕ್ಕಿದ್ದಂತೆ, ಮೈಕ್ ಬಿಟ್ಟು ಕೀಲಿಮಣೆಯಲ್ಲಿ ಬರೆದು ಮಾತಾಡುವವರ ಜಾಗದಲ್ಲಿ ಈತನ ಲೈಸೆನ್ಸಿನ ಕರೆಗುರುತು ಮೊದಲ ದಿನ ಅರೆಬರೆಯಾಗಿ ಕಾಣಿಸಿಕೊಂಡಿತ್ತು. ಅಲ್ಲಿ ಒಬ್ಬೊಬ್ಬರ ಸಂಕೇತವೂ ಪರದೆಯ ಮೇಲೆ ಕೂದಲೆಳೆಯಂಥ ಗೆರೆಯಾಗಿ ಇಳಿಯಬೇಕು. ಈತನದು ಚಾಪೆ ಹಾಸಿದ ಹಾಗೆ ಅಗಲ. ಅದರಡಿಯಲ್ಲಿ ಉಳಿದವರೆಲ್ಲ ಮುಚ್ಚಿಹೋಗುತ್ತಿದ್ದರು.

“ಅಚ್ಚಾಯ, ಇದು ಸರೀನಾ? ಇಡೀ ದಾರಿ ನಿಮ್ಮೊಬ್ಬರದೇನಾ?” ಎನ್ನುತ್ತ ಟೀಚರ್ ಕೋಣೆಯೊಳಗೆ ಕಾಲಿಟ್ಟರು.

ರೇಡಿಯೊದ ಮುಂದೆ ಕೂತಿದ್ದಾತ ತಿರುಗಿದ. ಆಳು ಅರ್ಧ ಇಳಿದುಹೋಗಿದ್ದ. ಕತ್ತಿಗೆ ಬಿಳಿ ಬಟ್ಟೆ ಕಟ್ಟಿತ್ತು. ಉಸಿರಾಡಿದಾಗಲೆಲ್ಲ ಅದು ನಡುವೆ ಒಳಕ್ಕೆ ಹೋಗಿ ಹೊರಕ್ಕೆ ಬರುತ್ತಿತ್ತು. ಟೀಚರನ್ನು ಕಂಡು ಬಾಯಗಲಿಸಿ ನಕ್ಕ. ನಗುವಿಗೆ ಸದ್ದಿರಲಿಲ್ಲ.

“ಗಂಟಲಲ್ಲಿ ಗಡ್ಡೆ,” ಎಂದರು ರಾಹೇಲಮ್ಮ ಬಾಗಿಲಲ್ಲಿ ನಿಂತು. “ಧ್ವನಿಪೆಟ್ಟಿಗೆ ಪೂರ್ತಿ ತೆಗೆದುಬಿಟ್ರು. ಯಾರಿಗೂ ಹೇಳಬೇಡ ಅಂತ ನನ್ನ ಬಾಯೂ ಹೊಲಿದುಬಿಟ್ಟಿದಾರೆ ಈ ಮನುಷ್ಯ.”

ಜೋಡಿಸಿಕೊಂಡು ಬಂದಿದ್ದ ಬೈಗುಳವೆಲ್ಲ ಎಲ್ಲಿ ಹೋಯಿತೋ. ಟೀಚರ್ ಪಕ್ಕದ ಮಣೆಯ ಮೇಲೆ ಕೂತರು. ಈಪ್ಪಚ್ಚಾಯ ಕಂಪ್ಯೂಟರಿನಲ್ಲಿ ದಪ್ಪ ಅಕ್ಷರಗಳಲ್ಲಿ ಬರೆದು ತೋರಿಸಿದ: ‘ಒಂದು ವಾರದಿಂದ ಕರೀತಾ ಇದೀನಿ. ಯಾರೂ ಓ ಅನ್ನಲಿಲ್ಲ. ಕೇಳಿಸ್ತಿಲ್ಲ ಅಂದ್ಕೊಂಡು ದಿನಾ ಸ್ವಲ್ಪ ಶಬ್ದ ಏರಿಸ್ತಾ ಬಂದೆ.’

ರೇಡಿಯೊ ನೋಡಿದ ಟೀಚರಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಕಂಪ್ಯೂಟರಿನಿಂದ ಹೋಗುವ ಶಬ್ದ ಕೊನೆಯ ತುದಿಯಲ್ಲಿತ್ತು. ಮಾತಿಗೆ ಗಟ್ಟಿತನ ಕೊಡಲೆಂದು ಹಿಂದೆ ಒತ್ತಿದ್ದ ಗುಂಡಿ ಇನ್ನೂ ಹಾಗೇ ಇತ್ತು. ಕಳಿಸುವ ಬಟನ್ ಒತ್ತಿದರೆ ಮೀಟರಿನ ಮುಳ್ಳು ಕೆಂಪಿಗೆ ಹೋಗಿ ಅಂಟಿಕೊಳ್ಳುತ್ತಿತ್ತು.

“ಅಯ್ಯೋ ಅಚ್ಚಾಯ, ಕೇಳಿಸದೇ ಏನು! ಊರಿಗೆಲ್ಲ ಕೇಳ್ತಿದೆ. ಆದ್ರೆ ಅಕ್ಷರಗಳೆಲ್ಲ ಕಲಸಿಹೋಗಿ ಏನು ಬರೆದಿದೀರಿ ಅಂತ ಒಬ್ಬರಿಗೂ ಓದೋಕೆ ಆಗ್ತಿಲ್ಲ. ನೀವು ಏರಿಸಿದಷ್ಟೂ ಕಲಸುತ್ತೆ.”

ಟೀಚರ್ ಗಟ್ಟಿತನದ ಗುಂಡಿಯನ್ನು ಆಫ್ ಮಾಡಿದರು. ಶಬ್ದವನ್ನು ಇಳಿಸತೊಡಗಿದರು. ಅರ್ಧಕ್ಕೆ ಬರುವಷ್ಟರಲ್ಲಿ ಈಪ್ಪಚ್ಚಾಯ ಅವರ ಮಣಿಕಟ್ಟು ಹಿಡಿದ. ಬೇಡ ಎಂದು ತಲೆಯಾಡಿಸಿದ. ಕಣ್ಣಲ್ಲಿ ಭಯವಿತ್ತು.

“ಬಿಡಿ ಅವಳ ಕೈ!” ಎಂದರು ರಾಹೇಲಮ್ಮ. “ನಲವತ್ತು ವರ್ಷ ಕೂಗಾಡಿದ್ದು ಸಾಲದಾ ನಿಮಗೆ? ಒಂದು ಸಲ ಮೆಲ್ಲಗೆ ಮಾತಾಡಿ ನೋಡಿ.”

ಆತ ಕೈ ಬಿಟ್ಟ. ಟೀಚರ್ ಇನ್ನೂ ಇಳಿಸಿದರು. ಮುಳ್ಳು ಅಲುಗಾಡದೆ ತಳದಲ್ಲೇ ಮಲಗುವವರೆಗೆ ಇಳಿಸಿ, “ಇದು ಏಳಲೇಬಾರದು. ಈಗ ಕರೀರಿ,” ಎಂದರು.

ಈಪ್ಪಚ್ಚಾಯ ತನ್ನ ಕರೆಗುರುತು ಬರೆದು ಕಳಿಸಿದ. ಟೀಚರ್ ತಮ್ಮ ಫೋನಿನಲ್ಲಿ ಇಂಟರ್ನೆಟ್ ಮೂಲಕ ಬೇರೊಂದು ಊರಿನ ರೇಡಿಯೊದ ಪರದೆ ತೆರೆದು ಮುಂದೆ ಹಿಡಿದರು. ಅಲ್ಲಿ ಸೂಜಿಯಲ್ಲಿ ಗೀಚಿದಂಥ ಒಂದು ಗೆರೆ ಇಳಿಯುತ್ತಿತ್ತು. “ನೋಡಿ, ಅದೇ ನೀವು.” ಆತ ಆ ಸಣ್ಣ ಗೆರೆಯನ್ನು ನೋಡುತ್ತಲೇ ಇದ್ದ. ಇಷ್ಟು ಸಣ್ಣವನೇ ತಾನು ಎಂಬಂತೆ.

ಗೆರೆ ಮುಗಿಯಿತು. ಏನೂ ಬರಲಿಲ್ಲ. ಮತ್ತೊಮ್ಮೆ ಕಳಿಸಿದ. ರಾಹೇಲಮ್ಮ ಸೆರಗಿನ ತುದಿ ತಿರುಚುತ್ತ ನಿಂತಿದ್ದರು. ಆಮೇಲೆ ಖಾಲಿ ಪರದೆಯ ಮೇಲೆ ಅಕ್ಷರಗಳು ಒಂದೊಂದಾಗಿ ಮೂಡಿದವು. ತಲಶ್ಶೇರಿಯ ಅನಂತನ್ ನಂಬಿಯಾರ್, ಹಳೆಯ ಗೆಳೆಯ.

‘ಈಪ್ಪಾ! ನೀನೇನಾ? ಎಲ್ಲಿ ಸತ್ತಿದ್ದೆ ಇಷ್ಟು ದಿನ? ಈ ಟೈಪಿಂಗ್ ಯಾಕೋ ನಿನಗೆ, ಮೈಕ್ ತಗೋ. ಆ ನಿನ್ನ ದನಿ ಕೇಳದೆ ಬೆಳಗಾಗಲ್ಲ ಮಾರಾಯ.’

ಟೀಚರ್ ಕೀಲಿಮಣೆಯತ್ತ ಕೈ ಚಾಚಿ, “ನಾನು ಬರೀಲಾ ಅಚ್ಚಾಯ?” ಎಂದರು.

ಆತ ಬೇಡವೆಂದ. ಕತ್ತಿನ ಬಟ್ಟೆಯನ್ನು ಸರಿಪಡಿಸಿಕೊಂಡು, ಒಂದೇ ಬೆರಳಿನಲ್ಲಿ, ಒಂದಕ್ಷರವೂ ತಪ್ಪದಂತೆ ಬರೆದ:

‘ಇನ್ನು ಮೇಲೆ ಇದೇ ನನ್ನ ದನಿ, ಅನಂತಾ. ಸರಿಯಾಗಿ ಕೇಳಿಸ್ತಿದೆಯಾ?’