ಖಾಸಿಂ ಬೀ ಹೊಲದಲ್ಲಿ ಕುರಿ ತರುಬಿದ ಸಂಜೆ

ಕುರಿಗಳು ಮಲಗಲೇ ಇಲ್ಲ. ಜಾಲಹಳ್ಳಿ ಕಡೆಯಿಂದ ಬಿಸಿಲಲ್ಲಿ ನಡೆದು ಬಂದ ಹಿಂಡು ಅದು. ಹೊತ್ತು ಮುಳುಗುವ ಮೊದಲೇ ದಣಿದು ಮೈಚೆಲ್ಲಬೇಕಿತ್ತು. ಕುರಿಗಾರ ಕನಕರಾಯ ಹೊಲದ ಸುತ್ತ ಬಲೆ ಕಟ್ಟಿ, ನಾಯಿಯನ್ನು ಮೂಲೆಗೆ ಕೂರಿಸಿ, ಬೀಡಿ ಹಚ್ಚಿಕೊಂಡು ನೋಡುತ್ತಾನೆ, ಎಲ್ಲವೂ ತಲೆ ನೆಲಕ್ಕೆ ಹಚ್ಚಿ ನಿಂತೇ ಇವೆ. ಒಂದೂ ಅರಚುತ್ತಿಲ್ಲ.

"ಏನ ಕನಕಣ್ಣಾ, ಹೊಲದಾಗ ಹುಲ್ಲಿಲ್ಲ, ಕೂಳಿ ಇಲ್ಲ. ಏನು ಮೇಯಾಕತ್ಯಾವ ಇವು?" ಬದುವಿನ ಮೇಲೆ ನಿಂತಿದ್ದ ಹೊಲದೊಡತಿ ಖಾಸಿಂ ಬೀ ಕೇಳಿದಳು.

"ನನಗೂ ತಿಳಿವಲ್ಲದು ಯಕ್ಕಾ. ತಡೀರಿ, ನೋಡಿ ಬರ್ತೀನಿ."

ಖಾಸಿಂ ಬೀಯ ಜೀವವೆಲ್ಲ ಈ ಹಿಂಡಿನ ಮೇಲೇ ಇತ್ತು. ಎರಡು ಬೆಳೆ ಸಾಲಾಗಿ ಸುಟ್ಟು ಹೋದ ಮೇಲೆ ಅವಳ ಗಂಡ ಮೀರಾಹುಸೇನ, ಹೊಲ ಮಾರಿ ರಾಯಚೂರಿಗೆ ಹೋಗಿ ಬಳೆ ಅಂಗಡಿ ಇಡುವ ಮಾತು ಎತ್ತಿದ್ದ. "ಇದೊಂದು ಬ್ಯಾಸಗಿ ತಡೀರಿ, ಕುರಿ ತರುಬಿಸಿ ನೋಡೋಣ" ಎಂದು ಅವಳೇ ಹಟ ಹಿಡಿದಿದ್ದಳು. ಹಿಂಡು ರಾತ್ರಿಯಿಡೀ ಹೊಲದಲ್ಲಿ ಮಲಗಿ, ಹಿಕ್ಕೆ ಗಂಜಲ ಬಿದ್ದರೆ ಎಂಥ ಸತ್ತ ನೆಲವೂ ಏಳುತ್ತದೆಂದು ಅವಳ ನಂಬಿಕೆ. ಅವಳದೇನು, ಇಡೀ ಮಲ್ಲಟ ಊರಿನ ನಂಬಿಕೆಯೇ ಅದು.

ಆ ನೆಲವನ್ನು ನೀವು ಮೊದಲು ನೋಡಿರಬೇಕಿತ್ತು. ಕಪ್ಪೆಂದರೆ ಕಪ್ಪು ಎರೆ. ಬೇಸಿಗೆಯಲ್ಲಿ ಬಾಯಿ ಬಿಟ್ಟರೆ ಬಿರುಕಿಗೆ ಬಿದ್ದ ಕುಡುಗೋಲು ಮರಳಿ ಸಿಗುತ್ತಿರಲಿಲ್ಲ. ಹಿಂಗಾರಿನಲ್ಲಿ ಬರೀ ಇಬ್ಬನಿ ಕುಡಿದು ಜೋಳ ಆಳೆತ್ತರ ನಿಲ್ಲುತ್ತಿತ್ತು. ಆಮೇಲೆ ಕಾಲುವೆ ಬಂತು. ತೂಬಿನಿಂದ ಮೊದಲ ಸಲ ನೀರು ಹೊಲಕ್ಕಿಳಿದ ದಿನ ಮೀರಾಹುಸೇನ ಚಪ್ಪಲಿ ಕಳಚಿ ಬದುವಿನ ಮೇಲೆ ನಿಂತು ಅತ್ತುಬಿಟ್ಟಿದ್ದ. ಯಾರಾದರೂ ಅಳಬೇಕಾದದ್ದೇ. ಆದರೆ ಅಂದಿನಿಂದ ಪುಣ್ಯಾತ್ಮ ತೂಬನ್ನು ಮುಚ್ಚಲೇ ಇಲ್ಲ! ತಾನಾಗಿ ಬಂದ ನೀರಿಗೆ ಅಡ್ಡ ಹಾಕುವುದು ಅವನ ಲೆಕ್ಕದಲ್ಲಿ ಪಾಪ. ಗಟಾರ ತೋಡಿ ಹೊರಗೆ ಬಿಡುವುದಂತೂ ಮಹಾಪಾಪ. ಭತ್ತದ ಮೇಲೆ ಭತ್ತ ಹಚ್ಚಿದ. ನೆಲವಾದರೂ ಎಷ್ಟಂತ ಕುಡಿದೀತು? ಹೊಟ್ಟೆಯೊಳಗಿನ ಸವಳುಪ್ಪನ್ನೆಲ್ಲ ಮೇಲಕ್ಕೆ ಕಕ್ಕಿತು. ಈಗ ಕಾಲುವೆ ಬಂದ್ ಆಗಿ, ಬಿಸಿಲಿಗೆ ನೆಲ ಒಣಗಿ, ಬದುವಿನಿಂದ ಬದುವಿನವರೆಗೆ ಬೆಳ್ಳಗೆ ಮಿನುಗುತ್ತಿತ್ತು. ಹೊಟ್ಟೆ ಉರಿಯಬೇಕಾದ ಆ ಹೊತ್ತಿನಲ್ಲೂ ಇಳಿಬಿಸಿಲಿನ ಆ ಹೊಳಪು ಚೆಂದ ಅನಿಸಿ, ಖಾಸಿಂ ಬೀಗೆ ತನ್ನ ಮೇಲೆ ತನಗೇ ಸಿಟ್ಟು ಬಂತು.

ಕನಕರಾಯ ಹಿಂಡಿನೊಳಗಿಂದ ಮೆಲ್ಲಗೆ ಎದ್ದು ಬಂದ. ಬೀಡಿ ಆರಿಹೋಗಿತ್ತು.

"ಮೇಯಾಕತ್ತಿಲ್ಲ ಯಕ್ಕಾ. ನೆಲಾ ನೆಕ್ಕಾಕತ್ಯಾವ."

ಖಾಸಿಂ ಬೀ ಬಲೆ ಎತ್ತಿ ಒಳಗೆ ಹೋದಳು. ಹೊಸಬರನ್ನು ಕಂಡರೆ ಚೆದುರಿ ಓಡುವ ಕುರಿಗಳು ಅವಳ ಸೀರೆ ತಾಗಿದರೂ ಸರಿಯಲಿಲ್ಲ. ಆ ತುದಿಯಿಂದ ಈ ತುದಿಯವರೆಗೆ ಅಷ್ಟೂ ನಾಲಗೆಗಳ ಸದ್ದೊಂದೇ. ಇಷ್ಟು ದಿನ ಊರವರ ಮುಂದೆ, ಗಂಡನ ಮುಂದೆ, "ಮ್ಯಾಲಷ್ಟ ಬೆಳ್ಳಗಾಗ್ಯಾದ, ಒಳಗ ನೆಲಾ ಗಟ್ಟಿ ಅದ" ಎಂದು ಸಾಧಿಸುತ್ತ ಬಂದವಳು ಅವಳು. ಅಲ್ಲೇ ಕೂತು ಎರಡೂ ಕೈಯಿಂದ ಕೆದರಿದಳು. ಗೇಣುದ್ದ ಇಳಿದರೂ ಅವಳ ಕಪ್ಪು ಎರೆ ಸಿಗಲಿಲ್ಲ. ಬೂದಿ ಬಣ್ಣದ ಹಸಿ ಕೆಸರು, ಅದರಲ್ಲೂ ಬಿಳಿ ಗೆರೆ. ಕೆದರಿದ ಗುಂಡಿಗೇ ಎರಡು ಕುರಿ ಮೂತಿ ಹಾಕಿದವು.

ಆಗ ಮೀರಾಹುಸೇನ ಜೋಳದ ಚೀಲ ಹೊತ್ತು ಬಂದ. ಹಿಂಡು ತರುಬಿದ್ದಕ್ಕೆ ಹೊಲದವರು ಕುರಿಗಾರನಿಗೆ ಕಾಳು ಕೊಡುವುದು ಅಲ್ಲಿನ ಪದ್ಧತಿ. "ತಗೋ ಕನಕರಾಯ. ಮುಂಜಾನಿ ಲಗೂನ ಹೊಂಡೋರು ನೀವು" ಎಂದು ಚೀಲ ಇಳಿಸಿದ.

ಕನಕರಾಯ ಚೀಲ ಮುಟ್ಟಲಿಲ್ಲ. "ಜ್ವಾಳಾ ಮನಿಗೆ ಒಯ್ಯಿರಿ ಮಾವಾ. ಇದನ್ನ ನಾ ಮುಟ್ಟಂಗಿಲ್ಲ."

"ಯಾಕೋ, ಕಡಿಮಿ ಆತೇನು?"

"ಕಡಿಮಿ ಮಾತಲ್ರಿ. ವರ್ಷಾ ಕುರಿಗೆ ಉಪ್ಪು ಮಾನ್ವಿ ಸಂತ್ಯಾಗ ಕೊಳ್ತಿದ್ದೆ. ಈ ವರ್ಷ ನಿಮ್ಮ ಹೊಲಾನ ತಿನಿಸ್ಯಾದ. ಕೊಡಬೇಕಾದಾವ ನಾನು, ನೀವಲ್ಲ."

"ಚಾಷ್ಟಿ ಮಾಡ್ತೀ ಏನಲೇ?" ಎಂದು ಗದರಿದ ಮೀರಾಹುಸೇನ, ಹಿಂಡಿನ ಕಡೆ ತಿರುಗಿದವನು ಹಾಗೇ ನಿಂತುಬಿಟ್ಟ. ತಿಳಿಯಲು ಅವನಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಮೊದಲ ನೀರು ಬಂದ ದಿನ ನಿಂತ ಹಾಗೆಯೇ ನಿಂತಿದ್ದ. ಆಮೇಲೆ ಜೋಳದ ಚೀಲದ ಮೇಲೆ ಕುಸಿದು ಕೂತು, "ಈ ಹೊಲಾ ಇನ್ನ ಯಾರಿಗಂತ ಮಾರಲಿ?" ಎಂದ.

ಕನಕರಾಯ ಋಣ ಇಟ್ಟುಕೊಳ್ಳುವ ಮನುಷ್ಯನಲ್ಲ. ಹಿಂಡಿನಲ್ಲಿ ಹುಡುಕಿ, ಚೆಂದದೊಂದು ಹೆಣ್ಣುಮರಿ ಎತ್ತಿ ತಂದು ಖಾಸಿಂ ಬೀಯ ಮಡಿಲಿಗೆ ಹಾಕಿದ. "ಬ್ಯಾಡ ಅನಬ್ಯಾಡ್ರಿ ಯಕ್ಕಾ" ಎಂದು ಮುಖ ಆ ಕಡೆ ಮಾಡಿ ನಿಂತ.

ಅವಳು ಬೇಡವೆನ್ನಲಿಲ್ಲ. ಬೀಳದಿರಲೆಂದು ಮರಿಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಅದು ಒಮ್ಮೆ ಅವಳ ಮುಖ ನೋಡಿ, ಮಣ್ಣಾಗಿದ್ದ ಅವಳ ಬೆರಳುಗಳನ್ನು ಒಂದೊಂದಾಗಿ ನೆಕ್ಕತೊಡಗಿತು.