ಮೂರು ದಿನದ ಹೇಳಿಕೆ

ಮುಂಬಯಿಯ ಪರೇಲಿನ ಆಸ್ಪತ್ರೆಯಲ್ಲಿ ಶಿವಕುಮಾರಿ ತೀರಿಕೊಂಡ ಸುದ್ದಿ ಮಂಗಳವಾರ ಬೆಳಿಗ್ಗೆ ವಿಕ್ರೋಳಿಯಲ್ಲಿ ಅವಳಿದ್ದ ಒಂಟಿಕೋಣೆಗಳ ಚಾಳಿಗೆ ಮುಟ್ಟಿತು. ಗಂಡ ಶಾಂತಪ್ಪ ಇನ್ನೂ ಆಸ್ಪತ್ರೆಯ ಬೆಂಚಿನ ಮೇಲೆಯೇ ಕೂತಿದ್ದ. ಎದುರಿಗೆ ಡಾಕ್ಟರ್ ಸೋನಾಲಿ; ಕಲಬುರ್ಗಿಯ ತಾಯಿಯಿಂದ ಕಲಿತ ಮುರುಕು ಕನ್ನಡ ಅವಳದು.

“ಕಾಕಾ, ವೈರಸ್ ಮೆದುಳಿಗೇ ಹೋಗಿತ್ತು. ಬಾವು ಬಂದಿತ್ತು. ಮೊದಲ ದಿನ ತಂದಿದ್ರೆ ಸಲಾಯಿನ್‌ನಾಗ ಔಷಧ ಕೊಡ್ತಿದ್ವಿ, ಬಹುಶಃ ಉಳೀತಿದ್ರು. ಮೂರು ದಿನ ನೀವು ಏನ್ ಮಾಡ್ತಿದ್ರಿ?”

“ಪ್ರಶ್ನಿ ಕೇಳತಿದ್ವಿ, ತಾಯಿ.”

ಸುಳ್ಳಲ್ಲ. ಶುಕ್ರವಾರ ಮೈ ಕೆಂಡವಾಗಿ, ಶಿವಕುಮಾರಿ ಕಟ್ಟಿಕೊಂಡ ಗಂಡನನ್ನೇ “ಯಾರು ನೀನು?” ಎಂದಾಗ ಮೊದಲು ಅಡ್ಡಬಿದ್ದವನೇ ಅವನು. ವಾರ ನೋಡಿದರೆ ಶುಕ್ರವಾರ. ಮೈಮೇಲೆ ಬಂದವಳು ಎಲ್ಲವ್ವನಲ್ಲದೆ ಇನ್ನಾರು? ಹಣೆಗೆ ಭಂಡಾರ ಬಳಿದು, ಉಡಿ ತುಂಬಿ, ಗೋಡೆಗೆ ಒರಗಿಸಿ ಕೂರಿಸಿದರು. ಚಾಳಿನ ಕಮಿಟಿ ಅಧ್ಯಕ್ಷ ಕಾಶಿನಾಥ ಜನರನ್ನು ಸಾಲಾಗಿ ನಿಲ್ಲಿಸಿದ. ಚಾಳು ಕೆಡವಿ ಎಲ್ಲರಿಗೂ ಹೊಸ ಖೋಲಿ ಕೊಡುತ್ತೇನೆಂದಿದ್ದ ಬಿಲ್ಡರನ ಮುಂದೆ ತುಟಿ ಬಿಚ್ಚದವರೆಲ್ಲ ಇಲ್ಲಿ ಬಾಯಿ ತುಂಬ ಕೇಳಿದರು: ಚಾಳು ಕೆಡವುವುದು ಯಾವಾಗ? ಹೊಸ ಬಿಲ್ಡಿಂಗಿಗೆ ಲಿಫ್ಟ್ ಇರುತ್ತದೆಯೇ?

“ತಲಿ ಸಿಡ್ಯಾಕತ್ತೈತಿ…” ಎಂದು ಅವಳು ನರಳಿದಳು.

“ಕೇಳಿದ್ರ್ಯಾ? ಬಿಲ್ಡರನ ತಲಿ ಸಿಡೀತದಂತ!” ಕಾಶಿನಾಥ ತೆಂಗಿನಕಾಯಿ ಒಡೆದ.

ಭಾನುವಾರ ಅವಳ ಕೈಕಾಲು ಸೆಟೆದು ಕಣ್ಣುಗುಡ್ಡೆ ಮೇಲಾದವು. ಪಕ್ಕದ ಖೋಲಿಯ ಅಕ್ಬರಬಿ ಜನರನ್ನು ತಳ್ಳಿಕೊಂಡು ಒಳಗೆ ಬಂದಳು. “ಏ ಶಾಂತಪ್ಪಣ್ಣಾ, ಹೆಣ್ತಿ ಸಾಯಾಕತ್ತಾಳ, ನೀವು ಲೈನ್ ಹಚ್ಚೀರಿ! ಮೊದಲ ಟ್ಯಾಕ್ಸಿ ಕರೀರಿ!”

“ತಡೀಬೇ, ನಮ್ಮ ಪಾಳಿ ಒಂದ್ ಆಗಲಿ,” ಎಂದಿತು ಸಾಲು. ಟ್ಯಾಕ್ಸಿ ಬಂದಾಗ ರಾತ್ರಿಯಾಗಿತ್ತು.

ಮಂಗಳವಾರ ಸಂಜೆ ಮಣ್ಣು ಮಾಡಿ ಬಂದರು. ಕಾಶಿನಾಥ ಶಾಂತಪ್ಪನ ಹೆಗಲ ಮೇಲೆ ಕೈಯಿಟ್ಟು ಕಣ್ಣೊರೆಸಿಕೊಂಡ. ಆಮೇಲೆ ದನಿ ತಗ್ಗಿಸಿದ. “ಅಣ್ಣಾ, ದವಾಖಾನಿಯೊಳಗ, ಹೋಗೋ ಮುಂದ… ನಮ್ಮ ಖೋಲಿ ಎಷ್ಟನೇ ಮಾಳಿಗಿಗೆ ಬರ್ತದಂತ ಏನರೆ ಅಂದ್ಲೇನು?”

ಶಾಂತಪ್ಪನಿಗೆ ಸಿಟ್ಟು ಮಾಡುವ ಹಕ್ಕಿರಲಿಲ್ಲ. ಶನಿವಾರ ಅವನೂ ಸಾಲಿನಲ್ಲಿ ನಿಂತು ಕೇಳಿದ್ದ, ಪೂಜೆಗೆ ಅನುಕೂಲವಾಗಲೆಂದು ಪೂರ್ವಕ್ಕೆ ಬಾಗಿಲಿರುವ ಖೋಲಿ ಸಿಗುತ್ತದೆಯೇ ಎಂದು.

ಅವನು ದೇವರ ಮುಂದಿನ ದೀಪಕ್ಕೆ ಎಣ್ಣೆ ಎರೆದು ಕೈಮುಗಿದ.

“ಶಿವನೇ, ಅಕಿಗೆ ಶಾಂತಿ ಕೊಡಪ್ಪಾ. ಅಲ್ಲಿಯಾದರೂ ಅಕಿನ್ನ ಯಾರೂ ಏನೂ ಕೇಳದಂಗ ಮಾಡು. ಸುಮ್ಮನ ಮಲಗಲಿ.”